ಎರಡೆರಡು ಹನಿ

ಆ ಸಣ್ಣ ಬಾಟಲಿಯನ್ನು ಅವನ ಕೈಗೆ ಮೊದಲು ಕೊಟ್ಟವನು ನಾನು. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಉಳಿದದ್ದನ್ನೆಲ್ಲ ಬರೆಯುತ್ತ ಹೋದರೆ ಇದನ್ನು ಹಿಂದಕ್ಕೆ ಸರಿಸುವ ಆಸೆ ಹುಟ್ಟುತ್ತದೆ ಎಂದು ನನಗೆ ಗೊತ್ತಿದೆ. ಬಾಟಲಿ ಹೆಬ್ಬೆರಳಿನಷ್ಟು ಉದ್ದ. ಬಿಳಿ ಪ್ಲಾಸ್ಟಿಕ್, ತಿಳಿಗುಲಾಬಿ ಮುಚ್ಚಳ. ಒಳಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕಣ್ಣಿನ ಔಷಧ ಉಳಿದಿತ್ತು. ಕೊಟ್ಟದ್ದು ಗಬ್ಬೂರಿನ ಆಚೆ, ಬೈಪಾಸ್ ದಾಟಿ ಒಳಗೆ ಹೋದರೆ ಸಿಗುವ ಒಂದು ಕಡಲೆ ಹೊಲದ ಬದುವಿನ ಮೇಲೆ, ರವಿವಾರ ಮಧ್ಯಾಹ್ನ ಮೂರರ ಸುಮಾರಿಗೆ. ಆಗ ನಾವು ಮೂವರೂ ನಗುತ್ತಿದ್ದೆವು. ಈಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಎರಡೂ ಕಣ್ಣುಗಳಲ್ಲಿ ಬದಿಯ ನೋಟ ಹೋಗಿದೆ. ನಟ್ಟನಡುವೆ ಒಂದಿಷ್ಟು ಉಳಿದಿದೆ. ಅದು ಎಷ್ಟು ದಿನ ಉಳಿಯುತ್ತದೆ ಎಂದು ಯಾರೂ ಹೇಳುವುದಿಲ್ಲ.

ನಾನು ಕೇಶ್ವಾಪುರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ಬರೆದುಕೊಟ್ಟ ನಂಬರಿನ ಗಾಜನ್ನು ಫ್ರೇಮಿನ ಆಕಾರಕ್ಕೆ ಅಂಚು ಸವೆಸಿ ಕೂಡಿಸುವುದು ನನ್ನ ಕೆಲಸ. ಗಿರಾಕಿಯ ಎರಡು ಕಣ್ಣುಗಳ ನಡುವಿನ ದೂರವನ್ನು ಪಟ್ಟಿ ಹಿಡಿದು ಮಿಲಿಮೀಟರಿನಲ್ಲಿ ಅಳೆಯುತ್ತೇನೆ. ಎರಡು ಮಿಲಿಮೀಟರು ತಪ್ಪಿದರೂ ಮಾರನೆಯ ದಿನ ತಲೆನೋವು ಎಂದು ಬಂದು ನಿಲ್ಲುತ್ತಾರೆ. ಕಣ್ಣಿನ ರೋಗಗಳ ಬಗ್ಗೆ ನಾನು ಏನೂ ಓದಿದವನಲ್ಲ. ಹಾಗಿದ್ದೂ ಗೆಳೆಯರು ನನ್ನನ್ನು ಡಾಕ್ಟ್ರ ಎಂದು ಕರೆಯುತ್ತಿದ್ದರು. ಮೊದಲು ಚೇಷ್ಟೆಗೆ ಕರೆದರು. ಆಮೇಲೆ ರೂಢಿಯಾಯಿತು. ರೂಢಿಯಾದ ಮೇಲೆ ಸ್ವಲ್ಪ ನಾನೂ ನಂಬಿದೆ ಎಂದು ಕಾಣುತ್ತದೆ.

ನಾವು ಮೂವರು. ಸಾಲಿಯಲ್ಲಿ ಒಂದೇ ಬೆಂಚಿನವರು. ಒಬ್ಬ ಮಿಶನ್ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾನೆ. ಅವನನ್ನು ಮಾಸ್ತರ ಎನ್ನುತ್ತೇವೆ. ಇನ್ನೊಬ್ಬ, ಯಾರ ಬಗ್ಗೆ ಬರೆಯುತ್ತಿದ್ದೇನೋ ಅವನು, ಮಾರ್ಕೆಟ್ ಯಾರ್ಡಿನ ಒಂದು ಹತ್ತಿ ಅಂಗಡಿಯಲ್ಲಿದ್ದ. ಅವನು ಮಾಲೀಕನಲ್ಲ, ಆದರೂ ನಮ್ಮ ಬಾಯಲ್ಲಿ ಅವನು ಸಾವ್ಕಾರ. ರೈತರು ತಂದ ಹತ್ತಿಯನ್ನು ನೋಡಿ ಅದು ಯಾವ ದರ್ಜೆಯದು ಎಂದು ಹೇಳುವುದು ಅವನ ಕೆಲಸ. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಎಳೆಯುತ್ತಿದ್ದ. ಅದರಲ್ಲಿ ಒಂದು ಚಿಟಿಕೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಜಗ್ಗುತ್ತಿದ್ದ. ಎಳೆ ಎಷ್ಟು ಉದ್ದ ಎಂದು ಕೈ ಹೇಳುತ್ತಿತ್ತು. ಬಣ್ಣವನ್ನು ಕಣ್ಣು ಹೇಳಬೇಕಿತ್ತು. ಬೆಳಕಿಗೆ ಹಿಡಿದು, ಬಿಳಿಯೊಳಗಿನ ಹಳದಿಯನ್ನು ಅವನು ಕಂಡುಹಿಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ನನಗೆ ಎಲ್ಲವೂ ಬರೀ ಬಿಳಿಯಾಗಿ ಕಾಣುತ್ತಿತ್ತು.

ಸಂಕ್ರಾಂತಿ ಮುಗಿದು ಶಿವರಾತ್ರಿ ಬರುವವರೆಗಿನ ರವಿವಾರಗಳು ನಮ್ಮವು. ಆ ಐದಾರು ವಾರ ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ಬೇವಿನ ಎಲೆ ಉದುರಲು ಸುರುವಾಗಿರುತ್ತದೆ, ಗಾಳಿಯಲ್ಲಿ ಧೂಳು ಇನ್ನೂ ಎದ್ದಿರುವುದಿಲ್ಲ. ಯಾರ್ಡಿಗೆ ರಜೆ, ಅಂಗಡಿಗೆ ರಜೆ. ಮಾಸ್ತರನಿಗೆ ಮಾತ್ರ ಬೆಳಿಗ್ಗೆ ಚರ್ಚು. ನಾವಿಬ್ಬರೂ ಎರಡು ಬೈಕು ತಂದು ಕೇಶ್ವಾಪುರದಲ್ಲಿ ಚರ್ಚಿನ ಎದುರಿನ ಚಹಾದಂಗಡಿಯಲ್ಲಿ ಕಾಯುತ್ತಿದ್ದೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೊರಬಂದು, ಚೀಲದಿಂದ ಹಳೇ ಟೀಶರ್ಟ್ ತೆಗೆದು, ಚಹಾದಂಗಡಿಯ ಹಿಂದೆ ಹೋಗಿ ಬದಲಿಸಿಕೊಂಡು ಬರುತ್ತಿದ್ದ. ಬಿಳಿ ಅಂಗಿ ಹಾಕಿಕೊಂಡು ಕಡಲೆ ಸುಡಲು ಬರುವುದಿಲ್ಲ.

ಸಾವ್ಕಾರನ ಸೋದರಮಾವನ ಹೊಲ ಗಬ್ಬೂರಿನ ಆಚೆ. ಕಪ್ಪು ಎರಿಮಣ್ಣು, ಕಡಲೆ ಬೆಳೆ. ಕಾಯಿ ತುಂಬಿ ಗಿಡ ಇನ್ನೂ ಹಸಿರಾಗಿರುವ ಆ ಕೆಲವು ವಾರಗಳಲ್ಲಿ ಗಿಡವನ್ನು ಬುಡಸಮೇತ ಕಿತ್ತು, ಒಣಗಿದ ಜೋಳದ ದಂಟಿನ ಬೆಂಕಿಯಲ್ಲಿ ಸುಡುತ್ತಾರೆ. ಎಲೆಯೆಲ್ಲ ಉರಿದುಹೋಗಿ ಕಾಯಿ ಮಾತ್ರ ಕರಿ ಬೂದಿಯಲ್ಲಿ ಉಳಿಯುತ್ತದೆ. ಕೋಲಿನಿಂದ ಬಡಿದು, ಟವೆಲಿನಲ್ಲಿ ಹಾರಿಸಿ, ಬಿಸಿಬಿಸಿ ಸುಲಿದು ತಿನ್ನುವುದು. ಬೆರಳು, ತುಟಿ, ಮೂಗಿನ ತುದಿ ಎಲ್ಲ ಕಪ್ಪು. ಜೊತೆಗೆ ಸಾವ್ಕಾರನ ಅವ್ವ ಕಟ್ಟಿಕೊಟ್ಟ ರೊಟ್ಟಿ, ಹಸಿಖಾರ, ಗಟ್ಟಿ ಮೊಸರು.

ಮಾವ ಬದುವಿನ ಪಕ್ಕದ ಎರಡು ಸಾಲು ನಮಗೆಂದು ಬಿಟ್ಟಿದ್ದ. "ಕಡ್ಲಿ ತಿನ್ರೆಪಾ, ಹೊಲಾ ತಿನಬ್ಯಾಡ್ರಿ" ಎಂದು ಪ್ರತಿ ಸಲ ಹೇಳುತ್ತಿದ್ದ. ನಾವು ಪ್ರತಿ ಸಲ ಮೂರನೇ ಸಾಲಿಗೆ ಕೈಹಾಕುತ್ತಿದ್ದೆವು. ಅಷ್ಟು ಸುಖವಾಗಿದ್ದೆವು ಎಂಬುದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಬಾಟಲಿ ಕೊಟ್ಟ ಮೊದಲ ವರ್ಷ ಹೀಗೆ ನಡೆಯಿತು. ಹಸಿ ಕಡಲೆ ಗಿಡದ ಎಲೆಯ ಮೇಲೆ ಒಂದು ಹುಳಿ ಇರುತ್ತದೆ. ಕೈಗೆ ಹತ್ತಿದರೆ ಅಂಟಂಟು. ಬಾಯಿಗೆ ಚೆನ್ನ, ಕಣ್ಣಿಗೆ ಅಲ್ಲ. ಸಾವ್ಕಾರನಿಗೆ ಹತ್ತಿಯ ಸುಗ್ಗಿಯಲ್ಲಿ ಹೇಗೂ ಕಣ್ಣು ಕೆಂಪಾಗುತ್ತಿದ್ದವು. ಯಾರ್ಡಿನ ನವಿರು ಧೂಳು ಒಳಗೆ ಹೋಗಿ ತುರಿಸುತ್ತಿತ್ತು. ಆ ದಿನ ಗಿಡ ಕಿತ್ತ ಕೈಯಿಂದಲೇ ಉಜ್ಜಿಕೊಂಡ. ಎರಡು ನಿಮಿಷದಲ್ಲಿ ನೆಲಕ್ಕೆ ಕೂತ.

"ಏ ಡಾಕ್ಟ್ರ, ಕಣ್ಣಾಗ ಬೆಂಕಿ ಬಿದ್ದಂಗ ಆಗೇತೋ. ಏನರ ಇದ್ರ ಕೊಡೋ."

"ಅಂವಾ ಎಲ್ಲೀ ಡಾಕ್ಟ್ರಲೇ? ಗಾಜ ತಿಕ್ಕಾಂವ" ಎಂದ ಮಾಸ್ತರ. "ನೀರ ಹಾಕಿ ತೊಳಕೊ."

"ನಿನಗೇನ ಆಗಬೇಕಾಗೇತಿ, ನೀ ಕಣ್ಣ ಮುಚ್ಚಿ ಪಾಠಾ ಮಾಡಾಂವ. ನಾ ನಾಳೆ ಮುಂಜಾನೆ ಹತ್ತಿ ನೋಡಬೇಕು."

ನೀರು ಹಾಕಿ ತೊಳೆದೆವು. ಉರಿ ಇಳಿಯಿತು, ಕೆಂಪು ಇಳಿಯಲಿಲ್ಲ. ಆಗ ನನ್ನ ಬೈಕಿನ ಡಿಕ್ಕಿಯಲ್ಲಿದ್ದ ಬಾಟಲಿ ನೆನಪಾಯಿತು. ಎರಡು ವಾರ ಹಿಂದೆ ಗಾಜಿನ ಪುಡಿ ಸಿಡಿದು ನನ್ನ ಕಣ್ಣು ಕೆಂಪಾಗಿದ್ದಾಗ ಆಸ್ಪತ್ರೆಯಲ್ಲಿ ಬರೆದುಕೊಟ್ಟದ್ದು. ಬರೆದುಕೊಟ್ಟ ಡಾಕ್ಟರು ಹೇಳಿದ ಮಾತು ನನಗೆ ಶಬ್ದಶಃ ನೆನಪಿದೆ: "ಹತ್ತು ದಿನ ಅಷ್ಟೇ. ಉಳಿದರೆ ಒಗೆದುಬಿಡಿ, ಮತ್ತೆ ಮತ್ತೆ ಹಾಕಬಾರದು." ನಾನು ಆರನೇ ದಿನಕ್ಕೆ ಗುಣವಾಗಿ ಉಳಿದದ್ದನ್ನು ಇಟ್ಟುಕೊಂಡಿದ್ದೆ. ಔಷಧ ಒಗೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ಕೆಲಸ.

ಅವನಿಗೆ ತಾನೇ ಹಾಕಿಕೊಳ್ಳಲು ಬರಲಿಲ್ಲ. ಹನಿ ಬೀಳುವ ಮೊದಲೇ ರೆಪ್ಪೆ ಮುಚ್ಚುತ್ತಿದ್ದ. ಕೊನೆಗೆ ಬದುವಿನ ಮೇಲೆ ಕಾಲು ಚಾಚಿ ಕೂತೆ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಎಡಗೈಯಿಂದ ಕೆಳಗಿನ ರೆಪ್ಪೆ ಜಗ್ಗಿ ಹಿಡಿದು, ಒಂದು ಕಣ್ಣಿಗೆ ಎರಡು ಹನಿ, ಇನ್ನೊಂದಕ್ಕೆ ಎರಡು ಹನಿ ಹಾಕಿದೆ. ದಿನವೆಲ್ಲ ಗಾಜು ಹಿಡಿಯುವ ಕೈ ನನ್ನದು, ಅಲುಗುವುದಿಲ್ಲ. ಬಾಟಲಿಯನ್ನು ಅವನ ಜೇಬಿಗೆ ಹಾಕಿದೆ. "ಇಟ್ಕೊ, ನಾಳೆ ಹಾಕ್ಕೊ" ಎಂದೆ. ಹತ್ತು ದಿನದ ಮಾತನ್ನು ಹೇಳಲಿಲ್ಲ. ಮರೆತು ಹೇಳಲಿಲ್ಲವೋ, ಹೇಳುವಷ್ಟು ದೊಡ್ಡದೆಂದು ಅನಿಸದೆ ಹೇಳಲಿಲ್ಲವೋ, ಇಂದಿಗೂ ನನಗೆ ಖಚಿತವಿಲ್ಲ.

ಮಾರನೆಯ ದಿನ ಮಧ್ಯಾಹ್ನ ಫೋನು ಬಂತು. "ಡಾಕ್ಟ್ರ, ಕಣ್ಣ ಹತ್ತಿಗಿಂತ ಬೆಳ್ಳಗಾಗ್ಯಾವ ನೋಡೋ! ಭಾಳ ಛಲೋ ಐತಿ ಔಷಧ. ನಿನ್ನ ಕೈಗುಣಾನೂ ಛಲೋ ಐತಿ." ನನಗೆ ಹೆಮ್ಮೆಯಾಯಿತು. ಅಂಗಡಿಯಲ್ಲಿ ಜೊತೆಯ ಹುಡುಗಿಗೂ ಹೇಳಿದೆ.

ಆ ಬಾಟಲಿ ಮುಗಿದ ಮೇಲೆ ಅವನು ಖಾಲಿ ಬಾಟಲಿಯನ್ನು ಔಷಧ ಅಂಗಡಿಯಲ್ಲಿ ತೋರಿಸಿ ಇನ್ನೊಂದು ತಂದ. ಯಾರೂ ಚೀಟಿ ಕೇಳಲಿಲ್ಲ. ಅದು ಮುಗಿದ ಮೇಲೆ ಮತ್ತೊಂದು. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಗೊತ್ತಿತ್ತು. ಎರಡನೇ ವರ್ಷದ ಕಡಲೆ ಹೊತ್ತಿಗೆ ಅವನ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಆ ಗುಲಾಬಿ ಮುಚ್ಚಳ ಯಾವಾಗಲೂ ಇಣುಕುತ್ತಿತ್ತು.

"ದಿನಾ ಹಾಕ್ತಿಯೇನೋ?" ಎಂದು ಒಮ್ಮೆ ಕೇಳಿದ್ದೆ.

"ತುರಿಸಿದಾಗಷ್ಟ."

"ದಿನಾ ತುರಿಸ್ತೈತೇನು?"

"ಹತ್ತಿ ದಿನಾ ಬರ್ತೈತಲ್ಲಪಾ" ಎಂದು ನಕ್ಕ. ನಾನೂ ನಕ್ಕೆ. ಆ ಸಂಭಾಷಣೆ ಅಲ್ಲಿಗೆ ಮುಗಿಯಿತು. ವಾರದ ಉಳಿದ ದಿನಗಳಲ್ಲಿ ಅವನ ಅವ್ವ ಹಾಕುತ್ತಿದ್ದಳು, ಇಲ್ಲವೇ ಯಾರ್ಡಿನಲ್ಲಿ ಹಮಾಲರಲ್ಲಿ ಯಾರಾದರೂ. ರವಿವಾರ ಮಾತ್ರ ನಾನೇ ಹಾಕಬೇಕಿತ್ತು. ಕಡಲೆ ತಿಂದು, ಕೈ ತೊಳೆದು, ಬದುವಿನ ಮೇಲೆ ನನ್ನ ತೊಡೆಗೆ ತಲೆಯಿಟ್ಟು ಮಲಗುತ್ತಿದ್ದ. ಮಾಸ್ತರ ಪಕ್ಕದಲ್ಲಿ ನಿಂತು ದೇವಸ್ಥಾನದ ಪೂಜಾರಿಯ ಹಾಗೆ ಕೈಮುಗಿದು, "ತೀರ್ಥ ತಗೋರಿ ಸಾವ್ಕಾರ್ರ, ತೀರ್ಥ ತಗೋರಿ" ಎನ್ನುತ್ತಿದ್ದ. ಮೂರು ವರ್ಷ, ವರ್ಷಕ್ಕೆ ಐದಾರು ರವಿವಾರ. ನನ್ನ ಕೈಯಿಂದ ಬಿದ್ದ ಹನಿಗಳ ಲೆಕ್ಕವನ್ನು ನಾನು ಹಾಕಿ ನೋಡಿದ್ದೇನೆ. ಇಲ್ಲಿ ಬರೆಯುವುದಿಲ್ಲ.

ಮೂರನೇ ವರ್ಷ ಕೆಲವು ಸಂಗತಿಗಳು ನಡೆದವು. ಆಗ ಅವು ಬೇರೆ ಬೇರೆಯಾಗಿ ನಡೆದವು, ಈಗ ಒಟ್ಟಿಗೆ ನೆನಪಾಗುತ್ತವೆ. ಸುಟ್ಟ ಕಡಲೆಯನ್ನು ಟವೆಲಿನ ಮೇಲೆ ಹರವಿದಾಗ ಅವನು ತನ್ನ ಎದುರಿಗಿದ್ದದ್ದನ್ನಷ್ಟೇ ಆರಿಸಿ, ಬದಿಗೆ ಉರುಳಿದ್ದನ್ನು ಬಿಡುತ್ತಿದ್ದ. ಅವನು ನಮಗಾಗಿ ಬಿಡುತ್ತಾನೆ ಎಂದು ನಾವು ತಿಳಿದೆವು. ನೀರಿನ ತಂಬಿಗೆಯನ್ನು ಎರಡು ಸಲ ಮೊಣಕೈಯಿಂದ ಕೆಡವಿದ. ಮಾವನ ಆಕಳ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಬೋರಲು ಬಿದ್ದಾಗ ಮಾವ, "ಆಕಳ ಕಾಣ್ಲಿಲ್ಲೇನಪಾ? ಅಷ್ಟ ದೊಡ್ಡದೈತಿ" ಎಂದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊತ್ತು ಇಳಿಯುವ ಮೊದಲೇ ಮನೆಗೆ ಹೋಗೋಣ ಎಂದು ಅವಸರ ಮಾಡುತ್ತಿದ್ದ. ಮೊದಲೆರಡು ವರ್ಷ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದವನು ಅವನೇ.

"ಇಷ್ಟ ಲಗೂ ಯಾಕಲೇ? ಮನ್ಯಾಗ ಯಾರ ಕಾಯಾಕತ್ತಾರ?" ಎಂದ ಮಾಸ್ತರ.

"ಯಾರೂ ಇಲ್ಲಪಾ. ಹೊತ್ತ ಮುಳುಗಿದ್ರ ರಸ್ತಾ ಛಂದಂಗ ಕಾಣೂದಿಲ್ಲ."

"ಲೈಟ್ ಹಚ್ಚಿಸ್ಕೊಳೋ ಗಾಡಿಗೆ. ಜಿಪುಣ."

ಲೈಟು ಸರಿಯಾಗಿಯೇ ಇತ್ತು. ನಾನು ನೋಡಿದ್ದೆ.

ಯಾರ್ಡಿನಲ್ಲೂ ಮಾತು ಬಂದಿತ್ತಂತೆ. ಪಕ್ಕದಿಂದ ಯಾರಾದರೂ ನಮಸ್ಕಾರ ಮಾಡಿದರೆ ತಿರುಗಿ ಮಾಡುವುದಿಲ್ಲ, ಅಂವಗ ಸೊಕ್ಕು ಬಂದಿದೆ ಎಂದು. ಅದನ್ನು ಅವನೇ ನಮಗೆ ಹೇಳಿದ. ಬೇಸರದಿಂದಲೇ ಹೇಳಿದ. ಮಾಸ್ತರ, "ಸಾವ್ಕಾರ್ರು ಬಾಜೂಕ ನೋಡಂಗಿಲ್ಲ. ಮುಂದ ಬಂದು ಅಡ್ಡ ಬಿದ್ದ್ರಷ್ಟ ಪ್ರಸಾದ" ಎಂದ. ಮಾಸ್ತರ ಈಗ ಆ ಮಾತನ್ನು ನೆನೆದರೆ ಮುಖ ಬೇರೆ ಕಡೆ ತಿರುಗಿಸುತ್ತಾನೆ. ನಾನು ಅವನಿಗೆ ಏನೂ ಹೇಳುವುದಿಲ್ಲ. ನನ್ನದಕ್ಕೆ ಹೋಲಿಸಿದರೆ ಅವನದು ಬರೀ ಮಾತು.

ಆ ವರ್ಷ ಹೋಳಿಯ ಮುಂದಿನ ಶನಿವಾರ ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದ. ಮೊಣಕಾಲಿಗೆ ಬ್ಯಾಂಡೇಜು. ಯಾರ್ಡಿನ ಗೇಟಿನಲ್ಲಿ ನಿಂತಿದ್ದ ಕೈಗಾಡಿಗೆ ಬೈಕು ಗುದ್ದಿಸಿದ್ದ. ಗಾಡಿ ಚಲಿಸುತ್ತಿರಲಿಲ್ಲ, ನಿಂತಿತ್ತು. "ನಂಬರ್ ಬಂದಿರಬೇಕು ನೋಡೋ. ಒಂದ ಚಶ್ಮಾ ಹಾಕಿಬಿಡು" ಎಂದ.

ಅಂಗಡಿಯಲ್ಲಿ ಅಕ್ಷರಗಳ ಬೋರ್ಡು ಇದೆ. ಕೂಡಿಸಿ ಓದಿಸಿದೆ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದೆ. ಕೊನೆಯ ಸಾಲಿನವರೆಗೆ ಒಂದೂ ತಪ್ಪದೆ ಓದಿದ. "ನಿನ್ನ ಕಣ್ಣಿಗೆ ಏನೂ ಆಗಿಲ್ಲಪಾ. ಗಾಡಿ ಹೊಡಿಯೂದು ಕಲಿ" ಎಂದೆ. ಇಬ್ಬರೂ ನಕ್ಕೆವು. ಅವನು ಏಳುವಾಗ, ಕೌಂಟರಿನ ಮೇಲಿದ್ದ ಅವನ ಬೈಕಿನ ಕೀಲಿಯನ್ನು ತೆಗೆದು ಅವನ ಎಡಬದಿಗೆ ಚಾಚಿದೆ. ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದ. ಚೇಷ್ಟೆ ಎಂದುಕೊಂಡೆ. ಕೀಲಿಯನ್ನು ಸ್ವಲ್ಪ ಮುಂದಕ್ಕೆ ತಂದೆ. ಇನ್ನೂ ಸ್ವಲ್ಪ. ಅವನ ಮೂಗಿನ ಎದುರಿಗೆ ಬರುವಷ್ಟರಲ್ಲಿ, "ಓ, ಇಲ್ಲೇ ಐತಿ" ಎಂದು ತಕ್ಷಣ ಹಿಡಿದ.

ನಾನು ಅವನನ್ನು ಮತ್ತೆ ಕೂಡಿಸಿದೆ. ಒಂದು ಕಣ್ಣು ಮುಚ್ಚು, ನನ್ನ ಮೂಗನ್ನೇ ನೋಡು, ಬೆರಳು ಕಂಡ ಕೂಡಲೇ ಹೇಳು ಎಂದೆ. ಬದಿಯಿಂದ ಬೆರಳನ್ನು ಮೆಲ್ಲಗೆ ತಂದೆ. ಕಿವಿಯ ನೇರಕ್ಕೆ ಬಂತು, ಕೆನ್ನೆಯ ನೇರಕ್ಕೆ ಬಂತು. ಅವನು ಸುಮ್ಮನಿದ್ದ. "ಸುರು ಮಾಡೋ" ಎಂದ. ಬೆರಳು ಆಗ ಅವನ ಮುಖದಿಂದ ಒಂದು ಗೇಣಿನಷ್ಟು ದೂರದಲ್ಲಿತ್ತು.

ನಾನು ಬೆರಳು ಇಳಿಸಿದೆ. ಅವನಿಗೆ ಏನೋ ತಿಳಿಯಿತು. ಜೇಬಿನಿಂದ ಬಾಟಲಿ ತೆಗೆದ. "ಧೂಳ ಹೋಗಿರಬೇಕು. ಎರಡ ಹನಿ ಹಾಕಿಬಿಡು, ನಾಳೆ ಸರಿ ಆಕ್ಕೈತಿ" ಎಂದು ಕುರ್ಚಿಯಲ್ಲೇ ತಲೆ ಹಿಂದಕ್ಕೆ ಹಾಕಿದ. ನಾನು ಹಾಕಿದೆ. ಹೆದರಿಕೆಯಾಗಿತ್ತು, ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಎರಡು ಹನಿ, ಮತ್ತೆ ಎರಡು ಹನಿ.

ಸೋಮವಾರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಡಿಸಿ, ಅಲ್ಲಲ್ಲಿ ಮಿನುಗುವ ಸಣ್ಣ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದು ಹೇಳಿದರು. ನಾನು ಹಿಂದೆ ನಿಂತಿದ್ದೆ. ಬಹಳ ಹೊತ್ತು ಗುಂಡಿಯ ಸದ್ದೇ ಬರಲಿಲ್ಲ. ಕಾಗದ ಹೊರಬಂತು. ಎರಡು ವೃತ್ತಗಳು, ಒಂದೊಂದು ಕಣ್ಣಿಗೆ ಒಂದೊಂದು. ಸುತ್ತ ಕಪ್ಪು, ನಡುವೆ ಒಂದು ನಾಣ್ಯದಷ್ಟು ಬಿಳಿ.

ಡಾಕ್ಟರು ಹೆಣ್ಣುಮಗಳು, ನಮಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಕಾಗದ ನೋಡಿ, ಕಣ್ಣಿನ ಒತ್ತಡ ಅಳೆದು ನೋಡಿ, "ಯಾವುದಾದರೂ ಡ್ರಾಪ್ಸ್ ಹಾಕ್ತೀರಾ?" ಎಂದು ಕೇಳಿದರು.

"ಹಾಕ್ತೇನ್ರಿ" ಎಂದು ಅವನು ಜೇಬಿನಿಂದ ತೆಗೆದು ಕೊಟ್ಟ. ಒಳ್ಳೆಯ ಹುಡುಗ ಪುಸ್ತಕ ತೋರಿಸುವ ಹಾಗೆ ಕೊಟ್ಟ.

"ಎಷ್ಟು ದಿನದಿಂದ?"

"ಎರಡ ವರ್ಷದ ಮ್ಯಾಲ ಆತ್ರಿ."

ಅವರು ಪೆನ್ನು ಕೆಳಗಿಟ್ಟರು. ಇದು ಸ್ಟಿರಾಯ್ಡ್, ಕೆಲವರಿಗೆ ಇದನ್ನು ಬಹಳ ದಿನ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ, ನೋವಿರುವುದಿಲ್ಲ, ಅಂಚಿನಿಂದ ನರ ಸಾಯುತ್ತ ಬರುತ್ತದೆ, ಸತ್ತ ನರ ಮತ್ತೆ ಬರುವುದಿಲ್ಲ ಎಂದು ಹೇಳಿದರು. ಮೆಲ್ಲಗೆ, ಒಂದೊಂದೇ ಮಾತು. ಆಮೇಲೆ ಕೇಳಿದರು: "ಯಾರು ಕೊಟ್ರು ಇದನ್ನ?"

ನಾನು ಅವನ ಬಲಕ್ಕೆ ನಿಂತಿದ್ದೆ. ಅವನು ನನ್ನ ಕಡೆ ತಿರುಗಲಿಲ್ಲ.

"ಔಷಧ ಅಂಗಡ್ಯಾಗ ತಗೊಂಡೇನ್ರಿ" ಎಂದ.

"ಯಾರೂ ಬರೆದುಕೊಡದೇ?"

"ಹೂಂನ್ರಿ. ನಾನ ತಗೊಂಡೆ."

ನಾನು ಬಾಯಿ ತೆರೆಯಲಿಲ್ಲ. ಕಾಗದದ ಮೇಲೆ ಅವರು ಅದನ್ನೇ ಬರೆದರು.

ಆವತ್ತೇ ಆ ಔಷಧ ನಿಂತಿತು. ಬೇರೆ ಔಷಧ ಬಂತು, ಒತ್ತಡ ಇಳಿಸುವುದು, ಬದುಕಿರುವವರೆಗೆ ದಿನಕ್ಕೆ ಎರಡು ಸಲ. ಬೇಸಿಗೆಯಲ್ಲಿ ಎಡಗಣ್ಣಿಗೆ ಆಪರೇಶನ್ ಆಯಿತು. ಆರು ತಿಂಗಳ ಮೇಲೆ ಮತ್ತೆ ಅದೇ ಬಟ್ಟಲಿನೊಳಗೆ ಮುಖವಿಟ್ಟಾಗ ಬಂದ ಎರಡನೇ ಕಾಗದವನ್ನು ಮೊದಲನೆಯದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಇನ್ನೂ ಸ್ವಲ್ಪ ಸಣ್ಣದಾಗಿತ್ತು. "ನರ ಬಹಳ ದುರ್ಬಲ ಆಗಿದೆ. ನಿಲ್ಲಿಸೋ ಪ್ರಯತ್ನ ಮಾಡೋಣ" ಎಂದರು ಡಾಕ್ಟರು.

ಬೈಕು ಮಾರಿದ. ಯಾರ್ಡಿನಲ್ಲಿ ಎರಡೂ ಬದಿಯಿಂದ ಚೀಲ ಹೊತ್ತ ಹಮಾಲರು, ಕೈಗಾಡಿಗಳು ಬರುತ್ತವೆ. ಅಲ್ಲಿ ಒಬ್ಬನೇ ನಡೆಯಲಾರ. ಮಾಲೀಕರು ಒಳ್ಳೆಯವರು. ಅವನನ್ನು ಕುರ್ಚಿಯಲ್ಲಿ ಕೂಡಿಸಿ, ಹತ್ತಿಯ ಹಿಡಿಗಳನ್ನು ಅಲ್ಲಿಗೇ ತರಿಸಿದರು. ಬೆರಳು ಈಗಲೂ ಎಳೆಯ ಉದ್ದ ಹೇಳುತ್ತದೆ, ಬಣ್ಣ ಮಾತ್ರ ಮಸುಕು. ಈ ಸುಗ್ಗಿಯಲ್ಲಿ ಎರಡು ಸಲ ಹಳದಿಯನ್ನು ಬಿಳಿ ಎಂದ. ಮೂರನೆಯ ಸಲ ಮಾಲೀಕರು ಪಕ್ಕದಲ್ಲಿ ಇನ್ನೊಬ್ಬನನ್ನು ಕೂಡಿಸಿದರು. ಈಗ ಆ ಇನ್ನೊಬ್ಬನೇ ನೋಡುತ್ತಾನೆ.

ಅವನ ಅವ್ವನ ಬಗ್ಗೆ ಬರೆಯುವುದು ಕಷ್ಟ. ಆಪರೇಶನ್ ಆದ ವಾರ ಮನೆಗೆ ಹೋದಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನೀ ಇದ್ದಿ ಅಂತ ಇಷ್ಟರ ಉಳಿತಪಾ. ನೀ ಬೆರಳ ಹಿಡಿದು ನೋಡಿರ್ಲಿಲ್ಲಂದ್ರ ಅದೂ ಹೋಗ್ತಿತ್ತು" ಎಂದಳು. ರೊಟ್ಟಿ ಬಡಿಸಿದಳು. ಎರಡು ರೊಟ್ಟಿ ಮುಗಿಸುವವರೆಗೆ ಏಳಗೊಡಲಿಲ್ಲ. ಅವನು ಒಳಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ. ನಮ್ಮ ಮಾತು ಅವನಿಗೆ ಕೇಳುತ್ತಿತ್ತು. ನಾನು ತಿಂದೆ.

ಈ ವರ್ಷ ಕಡಲೆಗೆ ಹೋಗುವುದು ಬೇಡ ಎಂದು ನಾನೂ ಮಾಸ್ತರನೂ ಮಾತಾಡಿಕೊಂಡಿದ್ದೆವು. ಅವನೇ ಹಟ ಹಿಡಿದ. "ಕಡ್ಲಿ ತಿನ್ನಾಕ ಕಣ್ಣ ಯಾಕ ಬೇಕೋ?" ಎಂದ. ಹೋದೆವು. ಈ ಸಲ ಮಾಸ್ತರನೂ ಒಂದು ಬೈಕು ತಂದಿದ್ದ, ಅದರ ಹಿಂದೆ ಅವನು ಕೂತ; ನಾನು ಒಬ್ಬನೇ ಹಿಂದೆ ಬಂದೆ. ಬದುವಿನ ಮೇಲೆ ಮಾಸ್ತರನ ಹೆಗಲು ಹಿಡಿದು ನಡೆದ. ಮಾವ ದೂರದಿಂದ ನೋಡಿದ. ಎರಡು ಸಾಲಿನ ಮಾತನ್ನು ಈ ಸಲ ಆಡಲಿಲ್ಲ. ಯಾವ ಸಾಲಾದರೂ ಕಿತ್ತುಕೊಳ್ಳಿ ಎಂಬಂತೆ ಕೈ ಬೀಸಿ ಹೋದ. ಹವೆ ಮೊದಲಿನಂತೆಯೇ ಇತ್ತು. ಬೆಂಕಿಯೂ, ಕಾಯಿ ಸಿಡಿಯುವ ಸದ್ದೂ. ಟವೆಲನ್ನು ಅವನ ನೇರ ಎದುರಿಗೆ ಹಾಸಿ, ಬದಿಗೆ ಉರುಳಿದ್ದನ್ನೆಲ್ಲ ಮಾಸ್ತರ ಸುಮ್ಮನೆ ಮಧ್ಯಕ್ಕೆ ದೂಡುತ್ತಿದ್ದ.

ಸಂಜೆಯ ಔಷಧದ ಹೊತ್ತಾಯಿತು. ಮೊದಲಿನಂತೆ ಕಾಲು ಚಾಚಿ ಕೂತೆ. ಮೊದಲಿನಂತೆ ತಲೆಯಿಟ್ಟು ಮಲಗಿದ. ಹೊಸ ಬಾಟಲಿಗೆ ಹಳದಿ ಮುಚ್ಚಳ. ತೆರೆದು ಕೈಯಲ್ಲಿ ಹಿಡಿದಿದ್ದಾಗ ನಾನು ಹೇಳಿದೆ.

"ಮೊದಲ್ನೇ ಬಾಟ್ಲಿ ನಂದು."

"ಹೂಂ."

"ಹತ್ತ ದಿನ ಅಷ್ಟ ಹಾಕಬೇಕು, ಉಳದದ್ದು ಒಗೀಬೇಕು ಅಂತ ನನಗ ಹೇಳಿ ಕೊಟ್ಟಿದ್ರು. ನಾ ನಿನಗ ಅದನ್ನ ಹೇಳ್ಲಿಲ್ಲ."

ಮಾಸ್ತರ ಬೂದಿ ಬಡಿಯುತ್ತಿದ್ದ ಕೋಲನ್ನು ನಿಲ್ಲಿಸಿದ. ಸಾವ್ಕಾರ ಕಣ್ಣು ತೆರೆದೇ ಮಲಗಿದ್ದ. ನನ್ನ ಮುಖ ಅವನ ನೋಟದ ನಡುವೆ ಇತ್ತು, ಹಾಗಾಗಿ ಅವನಿಗೆ ಕಾಣುತ್ತಿತ್ತು.

"ನೀ ಕೊಟ್ಟಿ ಅನ್ನೂದು ಗೊತ್ತಿತ್ತು" ಎಂದ. "ಹತ್ತ ದಿನದ್ದು ಗೊತ್ತಿರ್ಲಿಲ್ಲ."

"ಹೇಳಬೇಕಾಗಿತ್ತು."

"ಹೂಂ. ಹೇಳಬೇಕಾಗಿತ್ತು."

ಅವನ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಅವ್ವನ ಮುಂದ ಹೇಳಬ್ಯಾಡ. ಆಕಿಗೆ ಯಾರನ್ನರ ನಂಬಬೇಕಲ್ಲ" ಎಂದ. ಗದ್ದ ಮೇಲೆತ್ತಿ, "ಹಾಕು. ಹೊತ್ತಾತು" ಎಂದ.

ರೆಪ್ಪೆ ಜಗ್ಗಿ ಹಿಡಿದೆ. ಹನಿ ಕೆನ್ನೆಯ ಮೇಲೆ ಬಿತ್ತು. ಇನ್ನೊಂದು ಹನಿ ಹುಬ್ಬಿನ ಮೇಲೆ. ಅವನು ಕೆನ್ನೆ ಒರೆಸಿಕೊಂಡ. ಆಮೇಲೆ ಎದ್ದು ಕೂತು, ತಡಕಾಡಿ ನನ್ನ ಕೈಯಿಂದ ಬಾಟಲಿಯನ್ನು ತೆಗೆದುಕೊಂಡ. ಅದನ್ನು ಎದುರಿಗೆ ಚಾಚಿ, "ಮಾಸ್ತರ, ನೀ ಬಾ. ನೀ ಹಾಕು" ಎಂದ.

ಮಾಸ್ತರ ಕೈಯ ಕರಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. ನೀರು ಸುರಿದು ಎರಡು ಸಲ ತೊಳೆದುಕೊಂಡ. ಅವನಿಗೆ ಇದು ಹೊಸದು. ನಾಲ್ಕೈದು ಹನಿ ವ್ಯರ್ಥವಾದವು, ಕೊನೆಗೆ ಎರಡೂ ಕಣ್ಣಿಗೆ ಬಿದ್ದವು. ನಾನು ಎದ್ದು ಸಾವ್ಕಾರನ ಎಡಕ್ಕೆ ಸ್ವಲ್ಪ ದೂರ ಸರಿದು ಕೂತೆ. ಆ ಕಡೆಯಿಂದ ಅವನಿಗೆ ಏನೂ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನು ತಿರುಗಿ ಹುಡುಕಲಿಲ್ಲ. ಹೊತ್ತು ಮುಳುಗುವುದಕ್ಕೆ ಮೊದಲು ಹೊರಟೆವು; ಮಾಸ್ತರನ ಹಿಂದೆ ಅವನು, ಹಿಂದಿನ ಬೈಕಿನಲ್ಲಿ ನಾನು.

ಅದಾದ ಮೇಲೆ ಎರಡು ರವಿವಾರ ಹೋಗಿವೆ. ಚಹಾದಂಗಡಿಯಲ್ಲಿ ನಾನು ಕಾದೆ. ಎರಡೂ ಸಲ ಮಾಸ್ತರ ಬಿಳಿ ಅಂಗಿಯಲ್ಲೇ ಬಂದು, ಚಹಾ ಕುಡಿದು, ಸಾವ್ಕಾರನ ಮನೆಗೆ ಔಷಧ ಹಾಕಲು ಒಬ್ಬನೇ ಹೋದ.